ಗಾಯಕ್ಕೆ ಮುಲಾಮಿಗಿಂತ ಮೊದಲು ಕಣ್ಣು ಬೇಕು

(ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ, ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ನರ್ಸ್ ಒಬ್ಬರು ನೀಡಿದ ಭಾಷಣದ ಬರಹ ರೂಪ)



ಶಿಕ್ಷಣ ಸಂಘದ ಸಭೆಯಲ್ಲಿ ಗಾಯ, ಕೀವು, ಬ್ಯಾಂಡೇಜುಗಳ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಒಬ್ಬ ದುಡಿಯುವ ತಂದೆಯ ಕಾಲು ಹೋದರೆ ಆ ಮನೆಯಲ್ಲಿ ಮೊದಲು ನಿಲ್ಲುವುದು ಮಕ್ಕಳ ಓದು. ಗಂಡು ಮಗ ಗ್ಯಾರೇಜಿಗೆ ಸೇರುತ್ತಾನೆ, ಹೆಣ್ಣು ಮಗಳು ರೋಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾಳೆ. ಆದ್ದರಿಂದ ಇದು ಶಿಕ್ಷಣದ ವಿಷಯವೂ ಹೌದು.

ನಾನು ಯಾವ ಮನೆಗೆ ಹೋದರೂ ನನಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ: ‘ಇದಕ್ಕೆ ಯಾವ ಮುಲಾಮು ಹಚ್ಚಬೇಕು?’ ಇಂದು ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ, ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಅದಕ್ಕೆ ಮೊದಲು ಮೂರು ಪ್ರಶ್ನೆಗಳಿವೆ. ಗಾಯ ಏಕೆ ಆಯಿತು? ಆ ಕಾರಣ ಈಗಲೂ ಅಲ್ಲೇ ಇದೆಯೇ? ಗಾಯ ಮಾಯಲು ರಕ್ತವೂ ಆಹಾರವೂ ಅಲ್ಲಿಗೆ ತಲುಪುತ್ತಿವೆಯೇ? ಚಪ್ಪಲಿಯ ಮೊಳೆ ಚುಚ್ಚುತ್ತಲೇ ಇದ್ದರೆ ಸಾವಿರ ರೂಪಾಯಿಯ ಮುಲಾಮೂ ಕೆಲಸ ಮಾಡುವುದಿಲ್ಲ. ಮೊಳೆ ತೆಗೆದರೆ ಅರ್ಧ ಚಿಕಿತ್ಸೆ ಆದಂತೆಯೇ.

ನೋವಿಲ್ಲದ ಗಾಯವೇ ದೊಡ್ಡ ಗಾಯ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ದೊಡ್ಡ ಸಮೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ವರ್ಷಗಟ್ಟಲೆ ಸಕ್ಕರೆ ಹತೋಟಿ ತಪ್ಪಿದರೆ ಪಾದದಲ್ಲಿ ಎರಡು ಕೆಡುಕುಗಳು ಒಟ್ಟಿಗೆ ಆಗುತ್ತವೆ. ಮೊದಲನೆಯದು, ಸ್ಪರ್ಶ ತಿಳಿಸುವ ನರಗಳು ಸೊರಗುತ್ತವೆ, ಪಾದ ಜೋಮು ಹಿಡಿದಂತಾಗುತ್ತದೆ. ಎರಡನೆಯದು, ರಕ್ತನಾಳಗಳು ಕಿರಿದಾಗುತ್ತವೆ. ಬೀಡಿ, ಸಿಗರೇಟು ಸೇದುವವರಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಮುಳ್ಳು ಚುಚ್ಚಿದರೆ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಕೀವು ಒಳಕ್ಕೆ ಇಳಿದಿರುತ್ತದೆ. ಅದನ್ನು ಮಾಯಿಸಲು ಬೇಕಾದಷ್ಟು ರಕ್ತ ಬರುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಕಾಲು ಕತ್ತರಿಸಬೇಕಾಗಿ ಬಂದ ಹೆಚ್ಚಿನ ಪ್ರಕರಣಗಳು ಶುರುವಾಗಿದ್ದು ಪಾದದ ಒಂದು ಸಣ್ಣ ಹುಣ್ಣಿನಿಂದ.

ನಮ್ಮ ಊರಿನ ಮಂಡಕ್ಕಿ ಭಟ್ಟಿಗಳು ನಿಮಗೆಲ್ಲ ಗೊತ್ತು. ಕಾದ ಮರಳಿನಲ್ಲಿ ಅಕ್ಕಿ ಅರಳುವ ಆ ಬಿಸಿಯ ಮುಂದೆ ನಮ್ಮವರು ಎಷ್ಟೋ ಕುಟುಂಬಗಳು ದುಡಿಯುತ್ತವೆ. ಅಲ್ಲಿ ದುಡಿದ ಹಿರಿಯರೊಬ್ಬರ ಹೆಬ್ಬೆರಳು ಕಪ್ಪಾಗಿತ್ತು. ‘ನೋವೇ ಇಲ್ಲ ಬೇಟಿ, ನೋವಿದ್ದಿದ್ದರೆ ನಾನೇ ಆಸ್ಪತ್ರೆಗೆ ಹೋಗುತ್ತಿರಲಿಲ್ಲವೇ?’ ಎಂದರು. ಅವರ ಮಾತಿನಲ್ಲೇ ಕಾಯಿಲೆಯ ಹೆಸರಿತ್ತು. ನೋವಿಲ್ಲದಿದ್ದುದೇ ಅವರ ರೋಗ. ಬೆರಳು ಉಳಿಯಲಿಲ್ಲ, ಪಾದ ಉಳಿಯಿತು. ಒಂದು ತಿಂಗಳ ಮೊದಲು ಮನೆಯಲ್ಲಿ ಯಾರಾದರೂ ಆ ಪಾದವನ್ನು ತಿರುಗಿಸಿ ನೋಡಿದ್ದರೆ ಬೆರಳೂ ಉಳಿಯುವ ಸಾಧ್ಯತೆ ಇತ್ತು.

ನೋವು ಅಲ್ಲಾಹನು ಕೊಟ್ಟ ಕಾವಲುಗಾರ. ಇದನ್ನು ಜಗತ್ತಿಗೆ ಚೆನ್ನಾಗಿ ತೋರಿಸಿಕೊಟ್ಟವರಲ್ಲಿ ಡಾ. ಪಾಲ್ ಬ್ರಾಂಡ್ ಒಬ್ಬರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಈ ಶಸ್ತ್ರವೈದ್ಯರು ಕುಷ್ಠರೋಗಿಗಳ ಕೈಕಾಲುಗಳನ್ನು ವರ್ಷಗಟ್ಟಲೆ ಗಮನಿಸಿದರು. ಬೆರಳುಗಳು ರೋಗದಿಂದ ತಾವಾಗಿಯೇ ಕೊಳೆತು ಉದುರುತ್ತವೆ ಎಂದು ಜನ ನಂಬಿದ್ದರು. ಬ್ರಾಂಡ್ ಕಂಡುಕೊಂಡದ್ದು ಬೇರೆ: ನೋವು ತಿಳಿಯದ ಕಾರಣ ಅವರು ಬಿಸಿ ಪಾತ್ರೆ ಹಿಡಿಯುತ್ತಾರೆ, ಗಾಯದ ಮೇಲೆಯೇ ನಡೆಯುತ್ತಾರೆ, ಹಾಗಾಗಿ ಗಾಯ ಬೆಳೆಯುತ್ತದೆ. ಆ ಪಾದಗಳಿಗೆಂದು ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿಗಳು ಬಂದವು. ಇಂದು ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಬರೆದುಕೊಡುವುದು ಅದೇ ಚಪ್ಪಲಿಯನ್ನು. ಕುಷ್ಠರೋಗಿಗಳಿಂದ ಕಲಿತ ಪಾಠ ಈಗ ಸಕ್ಕರೆ ಕಾಯಿಲೆಯವರ ಪಾದ ಉಳಿಸುತ್ತಿದೆ.

ವುಝೂ ಮಾಡುವಾಗ ಒಂದು ನಿಮಿಷ

ನಮ್ಮಲ್ಲಿ ನಮಾಝಿಗಾಗಿ ದಿನಕ್ಕೆ ಹಲವು ಬಾರಿ ಪಾದ ತೊಳೆಯುವ ಕ್ರಮವಿದೆ. ಬೆರಳುಗಳ ಸಂದಿಗೆ ನೀರು ತಲುಪಬೇಕೆಂದು ಚಿಕ್ಕಂದಿನಲ್ಲೇ ನಮಗೆ ಕಲಿಸಿದ್ದಾರೆ. ಆದರೆ ತೊಳೆಯುವ ಕೈಗೆ ನೋಡುವ ಕಣ್ಣು ಜೊತೆಯಾಗಬೇಕು. ದಿನಕ್ಕೆ ಒಮ್ಮೆಯಾದರೂ, ಬೆಳಕಿರುವ ಹೊತ್ತಿನಲ್ಲಿ, ಅಂಗಾಲು, ಹಿಮ್ಮಡಿ, ಬೆರಳ ಸಂದಿ ಮೂರನ್ನೂ ನೋಡಿ. ಬಗ್ಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಬಹುದು. ಕಣ್ಣು ಮಂಜಾದವರಿಗೆ ಮೊಮ್ಮಕ್ಕಳು ನೋಡಿ ಹೇಳಲಿ. ತೊಳೆದ ಮೇಲೆ ಬೆರಳ ಸಂದಿಯನ್ನು ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಬೇಕು. ಅಲ್ಲಿ ತೇವ ನಿಂತರೆ ಬೂಷ್ಟು ಹಿಡಿದು ಚರ್ಮ ಬಿರಿಯುತ್ತದೆ. ಒಣ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸಾಕು, ಸಂದಿಗೆ ಮಾತ್ರ ಎಣ್ಣೆ ಬೇಡ.

ವಿದ್ಯಾರ್ಥಿಗಳೇ, ಇವತ್ತು ಮನೆಗೆ ಹೋದ ಮೇಲೆ ನೀವೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ನಿಮ್ಮ ಅಬ್ಬಾ, ಅಮ್ಮಿ, ದಾದಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ ಅವರಿಗೆ ಕಣ್ಣು ಮುಚ್ಚಲು ಹೇಳಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಹೀಗೆ ಒಟ್ಟು ಆರು ಬೆರಳುಗಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಮೆಲ್ಲಗೆ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ. ಮುಟ್ಟಿದ್ದು ತಿಳಿದಾಗಲೆಲ್ಲ ಅವರು ಹೇಳಲಿ. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳುಗಳಲ್ಲಿ ತಿಳಿಯದಿದ್ದರೆ ಆ ಪಾದಗಳು ಅಪಾಯದಲ್ಲಿವೆ ಎಂದರ್ಥ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು ರೂಪಿಸಿದ ಈ ಪರೀಕ್ಷೆಗೆ ಒಂದು ಪೈಸೆಯೂ ಖರ್ಚಿಲ್ಲ. ಫಲಿತಾಂಶವನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರಿಗೆ ತೋರಿಸಿ.

ಅಂಥ ಪಾದದವರು ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು. ಚಪ್ಪಲಿ ಮೆಟ್ಟುವ ಮೊದಲು ಕೊಡವಿ, ಒಳಗೆ ಕೈ ಹಾಕಿ ನೋಡಬೇಕು. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳಬಾರದು. ಜೋಮು ಎಂದು ಬಿಸಿನೀರಿನ ಚೀಲದ ಕಾವು ಕೊಡಬಾರದು. ಬೊಬ್ಬೆ ಎದ್ದರೂ ಅವರಿಗೆ ತಿಳಿಯುವುದಿಲ್ಲ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಲುಹರ್ ನಮಾಝಿಗೆ ಮಸ್ಜಿದಿನ ಅಂಗಳದ ಕಲ್ಲು ಹೇಗೆ ಕಾದಿರುತ್ತದೆ ಎಂದು ನಿಮಗೆ ಗೊತ್ತು. ನಾವು ಓಡಿ ದಾಟುತ್ತೇವೆ. ಸ್ಪರ್ಶವಿಲ್ಲದ ಪಾದದವರು ನಿಧಾನವಾಗಿ ನಡೆದು ಅಂಗಾಲು ಸುಟ್ಟುಕೊಳ್ಳುತ್ತಾರೆ. ಬೇಸಿಗೆಯಲ್ಲಿ ವುಝೂ ಸ್ಥಳದಿಂದ ಬಾಗಿಲವರೆಗೆ ಒಂದು ಚಾಪೆ ಹಾಸಿಸುವುದು ಮಸ್ಜಿದ್ ಕಮಿಟಿಗೆ ದೊಡ್ಡ ಕೆಲಸವಲ್ಲ.

ಇನ್ನೊಂದು ಮಾತು. ಪಾದಕ್ಕೆ ಡ್ರೆಸಿಂಗ್ ಇರುವವರು ಪ್ರತಿ ನಮಾಝಿಗೂ ಅದನ್ನು ಬಿಚ್ಚುತ್ತಾರೆ ಅಥವಾ ಅದರ ಮೇಲೆಯೇ ನೀರು ಹೊಯ್ದುಕೊಳ್ಳುತ್ತಾರೆ. ಗಾಯ ಮಾಯದಿರಲು ಇದೂ ಒಂದು ಕಾರಣ. ಪಟ್ಟಿಯ ಮೇಲೆ ಒದ್ದೆ ಕೈಯಿಂದ ಸವರುವ ರಿಯಾಯಿತಿ ನಮ್ಮ ಫಿಕ್ಹ್‌ನಲ್ಲಿ ಇದೆ. ನಿಮ್ಮ ಇಮಾಮರನ್ನು ಕೇಳಿ. ಇಮಾಮರೇ ಜುಮಾದ ದಿನ ಎರಡು ಮಾತಿನಲ್ಲಿ ಇದನ್ನು ತಿಳಿಸಿದರೆ ನನ್ನ ಹತ್ತು ಭೇಟಿಗಳ ಕೆಲಸ ಆದಂತೆ.

ಮಲಗಿದವರ ಬೆನ್ನು

ಎರಡನೆಯ ದೊಡ್ಡ ಗಾಯ ಹಾಸಿಗೆ ಹುಣ್ಣು. ಲಕ್ವ ಹೊಡೆದವರು, ಸೊಂಟದ ಮೂಳೆ ಮುರಿದ ಹಿರಿಯರು, ಬೆನ್ನುಹುರಿಗೆ ಪೆಟ್ಟು ಬಿದ್ದ ಯುವಕರು ಹಾಸಿಗೆ ಹಿಡಿದಾಗ ಬಾಲದ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ ಇವುಗಳ ಮೇಲೆ ದೇಹದ ಭಾರವೆಲ್ಲ ಬೀಳುತ್ತದೆ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯುವುದಿಲ್ಲ. ಕೆಲವೇ ಗಂಟೆಗಳಲ್ಲಿ ಅದು ಸಾಯಲು ತೊಡಗುತ್ತದೆ. ಆಧುನಿಕ ಶುಶ್ರೂಷೆಯ ತಾಯಿ ಫ್ಲಾರೆನ್ಸ್ ನೈಟಿಂಗೇಲ್ 1859ರಷ್ಟು ಹಿಂದೆಯೇ ಬರೆದರು: ರೋಗಿಗೆ ಹಾಸಿಗೆ ಹುಣ್ಣಾದರೆ ಅದು ಸಾಮಾನ್ಯವಾಗಿ ರೋಗದ ತಪ್ಪಲ್ಲ, ಶುಶ್ರೂಷೆಯ ತಪ್ಪು ಎಂದು. ನಮ್ಮ ಮನೆಗಳಲ್ಲಿ ಸೊಸೆಯೊಬ್ಬಳೇ ಅಡುಗೆ, ಬೀಡಿ, ಮಕ್ಕಳು, ಅತ್ತೆ ಎಲ್ಲವನ್ನೂ ನೋಡುತ್ತಿರುವಾಗ ಈ ತಪ್ಪನ್ನು ಅವಳೊಬ್ಬಳ ಮೇಲೆ ಹೊರಿಸುವುದು ಅನ್ಯಾಯ. ಇದು ಇಡೀ ಮನೆಯ, ಇಡೀ ಮೊಹಲ್ಲಾದ ಹೊಣೆ.

ಮಾಡಬೇಕಾದದ್ದು ಕಷ್ಟದ್ದಲ್ಲ, ಬಿಡದೆ ಮಾಡಬೇಕು ಅಷ್ಟೇ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ: ಎಡ, ಅಂಗಾತ, ಬಲ. ಎಳೆಯಬೇಡಿ, ಎತ್ತಿ ಸರಿಸಿ; ಎಳೆದರೆ ಚರ್ಮ ಕಿತ್ತುಬರುತ್ತದೆ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಿ. ಮಲಮೂತ್ರದ ಒದ್ದೆಯನ್ನು ಕೂಡಲೇ ತೆಗೆಯಿರಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಇನ್ನೂ ರಕ್ತ ಓಡಾಡುತ್ತಿದೆ. ಒತ್ತಿದರೂ ಕೆಂಪಾಗಿಯೇ ಇದ್ದರೆ ಹುಣ್ಣು ಒಳಗೆ ಶುರುವಾಗಿದೆ. ಆ ಮಗ್ಗುಲಿಗೆ ಮತ್ತೆ ಮಲಗಿಸಬೇಡಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣಿಸದು, ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಿಂದ ನೋಡಬೇಕು. ಅಲ್ಲಿ ಎಣ್ಣೆ ಹಚ್ಚಿ ತಿಕ್ಕುವುದು ತಪ್ಪು, ಒಳಗೆ ನೊಂದ ಮಾಂಸ ಇನ್ನೂ ನೋಯುತ್ತದೆ. ನಡುವೆ ತೂತಿರುವ ಗಾಳಿಯ ರಿಂಗ್ ಮೇಲೆ ಕೂರಿಸುವುದೂ ಬೇಡ, ಅದರ ಅಂಚು ಸುತ್ತಲೂ ಒತ್ತಿ ರಕ್ತವನ್ನು ತಡೆಯುತ್ತದೆ. ಏರ್‌ಬೆಡ್ ಒಳ್ಳೆಯದು, ಆದರೆ ಏರ್‌ಬೆಡ್ ಇದೆಯೆಂದು ಮಗ್ಗುಲು ಬದಲಿಸುವುದನ್ನು ಬಿಡಬಾರದು.

ಬೂದಿ, ಅರಿಶಿನ, ಕಾಫಿ ಪುಡಿ

ಉಹುದ್ ಯುದ್ಧದಲ್ಲಿ ಪ್ರವಾದಿ ಮುಹಮ್ಮದ್ (ಸ) ಅವರ ಮುಖಕ್ಕೆ ಗಾಯವಾದಾಗ ಹಝ್ರತ್ ಅಲಿ (ರ) ಗುರಾಣಿಯಲ್ಲಿ ನೀರು ತಂದರು, ಹಝ್ರತ್ ಫಾತಿಮಾ (ರ) ಗಾಯ ತೊಳೆದರು. ರಕ್ತ ನಿಲ್ಲದಿದ್ದಾಗ ಚಾಪೆಯ ತುಂಡನ್ನು ಸುಟ್ಟು ಅದರ ಬೂದಿಯನ್ನು ಒತ್ತಿದರು. ಈ ಹದೀಸನ್ನು ಹೇಳಿ, ‘ಹಾಗಾದರೆ ನಾವು ಬೂದಿ ಹಾಕಿದರೇನು ತಪ್ಪು?’ ಎಂದು ಕೇಳುವವರಿದ್ದಾರೆ. ಅಲ್ಲಿ ನಡೆದದ್ದನ್ನು ಕ್ರಮವಾಗಿ ನೋಡಿ. ಮೊದಲು ಶುದ್ಧ ನೀರಿನಿಂದ ತೊಳೆದರು. ಆ ಮೇಲೆ, ಹರಿಯುವ ರಕ್ತ ನಿಲ್ಲಿಸಲು, ರಣಭೂಮಿಯಲ್ಲಿ ಕೈಗೆ ಸಿಕ್ಕ ವಸ್ತುವನ್ನು ಬಳಸಿದರು. ಇಂದು ರಕ್ತ ನಿಲ್ಲಿಸಲು ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯುವುದು ನಮ್ಮ ಕೈಯಲ್ಲಿದೆ. ತಿಂಗಳುಗಳಿಂದ ಕೀವು ಸೋರುವ ಹುಣ್ಣಿನ ಮೇಲೆ ಒಲೆಯ ಬೂದಿ ಸುರಿಯಲು ಆ ಘಟನೆ ಆಧಾರವಾಗುವುದಿಲ್ಲ. ಚಿಕಿತ್ಸೆ ಪಡೆಯಿರಿ ಎಂದು ನಮಗೆ ಆದೇಶವಿದೆ. ಚಿಕಿತ್ಸೆ ಎಂದರೆ ನಮ್ಮ ಕಾಲದ ಉತ್ತಮ ತಿಳಿವಳಿಕೆ.

ಆದ್ದರಿಂದ ಬೂದಿ, ಅರಿಶಿನ, ಕಾಫಿ ಪುಡಿ, ಸುಣ್ಣ, ತಂಬಾಕು, ಟೂತ್‌ಪೇಸ್ಟ್ ಯಾವುದೂ ಬೇಡ. ಅವು ಗಾಯವನ್ನು ಮುಚ್ಚಿ ನಮ್ಮ ಕಣ್ಣಿಗೆ ಕಾಣದಂತೆ ಮಾಡುತ್ತವೆ. ದಿನವೂ ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹಾಕುವುದೂ ತಪ್ಪು. ಆ ನೊರೆ ಕೀವಿನ ಜೊತೆಗೆ ಹೊಸದಾಗಿ ಚಿಗುರುವ ಮಾಂಸವನ್ನೂ ಸುಡುತ್ತದೆ. ಒಂದು ಲೀಟರ್ ನೀರನ್ನು ಚೆನ್ನಾಗಿ ಕುದಿಸಿ, ಸುಮಾರು 9 ಗ್ರಾಂ, ಅಂದರೆ ಎರಡು ಸಣ್ಣ ಟೀ ಚಮಚ ಉಪ್ಪು ಹಾಕಿ ಆರಿಸಿಕೊಳ್ಳಿ. ತೊಳೆಯಲು ಇದೇ ಸಾಕು. ಮರುದಿನಕ್ಕೆ ಹೊಸದಾಗಿ ಮಾಡಿ. ಮೊದಲು ಸಾಬೂನಿನಿಂದ ನಿಮ್ಮ ಕೈ ತೊಳೆಯಿರಿ, ಗಾಯ ಮುಟ್ಟುವಾಗ ಗ್ಲೌಸ್ ಹಾಕಿ. ಅಂಟಿಕೊಂಡ ಪಟ್ಟಿಯನ್ನು ಈ ನೀರಿನಿಂದ ನೆನೆಸಿ ಬಿಚ್ಚಿ, ಕಿತ್ತೆಳೆಯಬೇಡಿ.

‘ಗಾಳಿಗೆ ಬಿಡಿ, ಒಣಗಿ ಹಕ್ಕಳೆ ಕಟ್ಟಲಿ’ ಎಂಬುದು ಇನ್ನೊಂದು ನಂಬಿಕೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ, ಮುಚ್ಚಿ ತೇವ ಉಳಿಸಿದ ಗಾಯದಲ್ಲಿ ಹೊಸ ಚರ್ಮ ಒಣಗಿದ ಗಾಯಕ್ಕಿಂತ ಬೇಗ ಹಬ್ಬುತ್ತದೆ ಎಂದು ತೋರಿಸಿದರು. ಗಾಯ ಒದ್ದೆಮುದ್ದೆಯಾಗಬಾರದು, ಒಣಗಿ ಬಿರಿಯಲೂಬಾರದು. ಹೊಲದ ಹದ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಆದರೆ ರಕ್ತ ಬಾರದೆ ಒಣಗಿ ಕಪ್ಪಾದ ಬೆರಳಿಗೆ ಈ ಮಾತು ಅನ್ವಯಿಸದು. ಅದನ್ನು ನೆನೆಸದೆ ಆಸ್ಪತ್ರೆಗೆ ತೋರಿಸಿ.

ಗಾಯ ಓದಲು ಮೂರು ಬಣ್ಣ ನೆನಪಿಡಿ. ತಿಳಿಗೆಂಪು, ತೇವವಾದ ಹರಳು ಹರಳಾದ ಮಾಂಸ ಮಾಯುತ್ತಿರುವ ಗಾಯದ ಬಣ್ಣ, ಅದನ್ನು ಕಾಪಾಡಿ. ಹಳದಿ ಎಂದರೆ ಸತ್ತ ಪೊರೆ, ಅದನ್ನು ತೆಗೆಯಬೇಕು. ಕಪ್ಪು ಎಂದರೆ ಸತ್ತ ಮಾಂಸ, ವೈದ್ಯರೇ ನೋಡಬೇಕು. ವಾರಕ್ಕೊಮ್ಮೆ ಸ್ಕೇಲಿನಿಂದ ಗಾಯದ ಉದ್ದ, ಅಗಲ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಾಲ್ಕು ವಾರದಲ್ಲಿ ಗಾಯ ಸುಮಾರು ಅರ್ಧಕ್ಕೆ ಇಳಿಯದಿದ್ದರೆ ಮಾಡುತ್ತಿರುವ ಚಿಕಿತ್ಸೆ ಸಾಲದು ಎಂದು ತಿಳಿಯಿರಿ.

ಸುಟ್ಟ ಗಾಯದ ಬಗ್ಗೆ ಭಟ್ಟಿಯ ಸಹೋದರರಿಗೆ ಒಂದೇ ಮಾತು. ತಕ್ಷಣ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸ್ ಬೇಡ, ಪೇಸ್ಟ್ ಬೇಡ, ಬೊಬ್ಬೆ ಒಡೆಯಬೇಡಿ. ಹೊಟ್ಟಿನ ಬೂದಿಯ ರಾಶಿ ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಇರುತ್ತದೆ, ಮಕ್ಕಳನ್ನು ಅದರ ಬಳಿ ಬಿಡಬೇಡಿ.

ನಂಜಿನ ಭಯ

ಗಾಯವಾದ ಕೂಡಲೇ ಹಿರಿಯರು ‘ನಂಜಾಗುತ್ತದೆ’ ಎಂದು ಮೊಟ್ಟೆ, ಮೀನು, ಮಾಂಸ, ಬೇಳೆ ಎಲ್ಲವನ್ನೂ ನಿಲ್ಲಿಸಿಬಿಡುತ್ತಾರೆ. ಗಾಯದ ಮನೆ ಕಟ್ಟಲು ಇಟ್ಟಿಗೆ ಎಂದರೆ ಪ್ರೋಟೀನ್. ಇಟ್ಟಿಗೆಯೇ ಇಲ್ಲದೆ ಗೋಡೆ ಏಳುವುದು ಹೇಗೆ? ಮೊಟ್ಟೆ, ಬೇಳೆ, ಹೆಸರುಕಾಳು, ಹಾಲು, ಮೀನು ಕೊಡಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿ ಪ್ರಮಾಣ ಇಟ್ಟುಕೊಳ್ಳಲಿ. ನಿಂಬೆ, ನೆಲ್ಲಿಕಾಯಿ, ಸೊಪ್ಪು ಇರಲಿ. ಸಕ್ಕರೆಯನ್ನು ಹತೋಟಿಯಲ್ಲಿಡಬೇಕು, ಆದರೆ ರೋಗಿಯನ್ನು ಉಪವಾಸ ಕೆಡವುವುದು ಹತೋಟಿಯಲ್ಲ. ರಮಝಾನಿನ ಉಪವಾಸದ ಬಗ್ಗೆ ತಿಂಗಳು ಮೊದಲೇ ವೈದ್ಯರನ್ನು ಕಾಣಿರಿ. ರೋಗಿಗೆ ಧರ್ಮವೇ ವಿನಾಯಿತಿ ಕೊಟ್ಟಿದೆ.

ಇನ್ನು ಮನೆಯಲ್ಲಿ ಕಾಯಬಾರದ ಸಮಯ. ಗಾಯದ ಸುತ್ತ ಕೆಂಪು ಹಬ್ಬುತ್ತಿದ್ದರೆ, ಜ್ವರ ಚಳಿ ಬಂದರೆ, ಕೆಟ್ಟ ವಾಸನೆ ಬಂದರೆ, ಬೆರಳು ನೀಲಿ ಅಥವಾ ಕಪ್ಪಾದರೆ, ಗಾಯದಲ್ಲಿ ಮೂಳೆ ಕಂಡರೆ, ಗಾಯವೇ ಇಲ್ಲದೆ ಒಂದು ಪಾದ ಬಿಸಿಯಾಗಿ ಊದಿಕೊಂಡರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ನಮ್ಮ ಊರಿನಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಬಾಪೂಜಿ ಆಸ್ಪತ್ರೆ ಇದೆ. ಹರಿಹರದವರಿಗೂ ದಾವಣಗೆರೆ ದೂರವಲ್ಲ. ‘ಹೋದರೆ ಕಾಲು ತೆಗೆದುಬಿಡುತ್ತಾರೆ’ ಎಂಬ ಭಯದಿಂದ ಜನ ತಡಮಾಡುತ್ತಾರೆ. ಎಷ್ಟೋ ಕಾಲುಗಳು ಹೋಗುವುದು ಆ ತಡದಿಂದಲೇ.

ರುಫೈದಾರ ಡೇರೆ

ಕೊನೆಯದಾಗಿ, ಈ ಕೆಲಸ ಯಾರು ಮಾಡಬೇಕು? ಬ್ರಿಟನ್ನಿನಲ್ಲಿ ಹುಣ್ಣು ಮತ್ತು ಚರ್ಮದ ಆರೈಕೆಗೆಂದೇ ‘ಟಿಶ್ಯೂ ವಯಬಿಲಿಟಿ ನರ್ಸ್’ ಎಂಬ ಪ್ರತ್ಯೇಕ ನರ್ಸ್‌ಗಳಿದ್ದಾರೆ, ಮನೆಗೆ ಹೋಗಿ ಡ್ರೆಸಿಂಗ್ ಮಾಡುವ ನರ್ಸ್‌ಗಳಿದ್ದಾರೆ. ಅಷ್ಟು ದೂರ ಹೋಗುವುದೂ ಬೇಡ. ಕೇರಳದ ಕೋಯಿಕ್ಕೋಡಿನಲ್ಲಿ 1993ರಲ್ಲಿ ಹುಟ್ಟಿದ ಉಪಶಮನ ಆರೈಕೆಯ ಸಂಸ್ಥೆ ಮುಂದೆ ಮಲಪ್ಪುರಂ ಮೊದಲಾದ ಜಿಲ್ಲೆಗಳಲ್ಲಿ ನೆರೆಹೊರೆಯವರ ಚಳವಳಿಯಾಯಿತು. ಸಾಮಾನ್ಯ ಜನ ತರಬೇತಿ ಪಡೆದು, ನರ್ಸ್ ಜೊತೆ ಮನೆಮನೆಗೆ ಹೋಗಿ, ಹಾಸಿಗೆ ಹಿಡಿದವರ ಬೆನ್ನು ನೋಡುತ್ತಾರೆ. 2008ರಲ್ಲಿ ಕೇರಳ ಸರ್ಕಾರ ಇದಕ್ಕೆ ನೀತಿಯನ್ನೇ ರೂಪಿಸಿತು. ಹಣಕ್ಕಿಂತ ಹೆಚ್ಚಾಗಿ ಅಲ್ಲಿ ಖರ್ಚಾದದ್ದು ಜನರ ಬಿಡುವಿನ ವೇಳೆ.

ನಮ್ಮ ಚರಿತ್ರೆಯಲ್ಲಿಯೂ ಇದಕ್ಕೆ ಮಾದರಿ ಇದೆ. ಹಿಜರಿ 5ರ ಕಂದಕ ಯುದ್ಧದಲ್ಲಿ ಹಝ್ರತ್ ಸಅದ್ ಬಿನ್ ಮುಆದ್ (ರ) ಅವರ ತೋಳಿಗೆ ಬಾಣ ತಗುಲಿದಾಗ ಪ್ರವಾದಿ (ಸ) ಅವರನ್ನು ಮಸ್ಜಿದಿನ ಡೇರೆಯಲ್ಲಿ ಇರಿಸಿದರು. ಅಲ್ಲಿ ಗಾಯಾಳುಗಳ ಆರೈಕೆ ಮಾಡುತ್ತಿದ್ದವರು ಅಸ್ಲಮ್ ಗೋತ್ರದ ರುಫೈದಾ (ರ) ಎಂಬ ಮಹಿಳೆ. ಆ ಗಾಯದಿಂದ ಸಅದ್ (ರ) ಉಳಿಯಲಿಲ್ಲ, ಆದರೆ ಆರೈಕೆಯಲ್ಲಿ ಕೊರತೆಯಾಗಲಿಲ್ಲ. ಮಸ್ಜಿದಿನ ಅಂಗಳದಲ್ಲಿ ಒಬ್ಬ ಮಹಿಳೆಯ ಕೈಯಲ್ಲಿ ಗಾಯದ ಆರೈಕೆ ನಡೆದ ಸಮುದಾಯ ನಮ್ಮದು. ಹೀಗಿದ್ದೂ ಇಂದು ‘ನರ್ಸಿಂಗ್ ಓದಿದರೆ ಹುಡುಗಿಗೆ ಸಂಬಂಧ ಬರುವುದಿಲ್ಲ’ ಎಂದು ಹೇಳುವ ತಂದೆತಾಯಿಗಳನ್ನು ನಾನು ನೋಡುತ್ತೇನೆ. ಅದೇ ತಂದೆ ಹಾಸಿಗೆ ಹಿಡಿದಾಗ ‘ನಮ್ಮವರೇ ಒಬ್ಬ ನರ್ಸ್ ಇದ್ದರೆ ಚೆನ್ನಾಗಿತ್ತು’ ಎನ್ನುತ್ತಾರೆ. ನಮ್ಮವರು ಎಲ್ಲಿಂದ ಬರಬೇಕು?

ಈ ಬಡಾವಣೆಗೆ ಹೆಸರು ಕೊಟ್ಟ ದೇವರಾಜ ಅರಸರು ಹಿಂದುಳಿದವರಿಗೆ ಓದಿನ, ನೌಕರಿಯ ಬಾಗಿಲು ತೆರೆಯಲು ಹಾವನೂರು ಆಯೋಗವನ್ನು ನೇಮಿಸಿದ ಮುಖ್ಯಮಂತ್ರಿ. ಬಾಗಿಲು ತೆರೆದಿದೆ, ಒಳಗೆ ಹೋಗುವವರು ನಾವು. ಜಿಎನ್‌ಎಂ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಗಂಡು ಮಕ್ಕಳಿಗೂ ಅವಕಾಶವಿದೆ. ಶುಲ್ಕದ ನೆರವಿಗಾಗಿ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಸಂಘಕ್ಕೆ ನನ್ನ ಮನವಿ ಮೂರೇ. ಒಂದು, ಪ್ರತಿ ಮೊಹಲ್ಲಾದಿಂದ ಇಬ್ಬರು ಯುವಕರು, ಇಬ್ಬರು ಯುವತಿಯರಿಗೆ ಪಾದ ಪರೀಕ್ಷೆ, ಮಗ್ಗುಲು ಬದಲಿಸುವುದು, ಡ್ರೆಸಿಂಗ್ ಇವುಗಳ ತರಬೇತಿ ಕೊಡಿಸಿ. ಎರಡು, ಸದಕಾ ಹಣದಿಂದ ನಾಲ್ಕು ಏರ್‌ಬೆಡ್, ಎರಡು ವೀಲ್‌ಚೇರ್, ಒಂದಷ್ಟು ಎಂಸಿಆರ್ ಚಪ್ಪಲಿ ಇಟ್ಟುಕೊಂಡು ಬೇಕಾದವರಿಗೆ ಎರವಲು ಕೊಡಿ, ಜಾತಿ ಧರ್ಮ ಕೇಳಬೇಡಿ. ಮೂರು, ಈ ವರ್ಷದ ವಿದ್ಯಾರ್ಥಿವೇತನದಲ್ಲಿ ಎರಡನ್ನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಮೀಸಲಿಡಿ.

ವಿದ್ಯಾರ್ಥಿಗಳಿಗೆ ಒಂದೇ ಕೆಲಸ: ಆರು ಬೆರಳು ಮುಟ್ಟುವ ಆ ಪರೀಕ್ಷೆಯನ್ನು ಇಂದು ಇಶಾ ನಮಾಝಿನ ನಂತರ ಮಾಡಿ. ತಂದೆತಾಯಿಗಳ ಪಾದ ಹಿಡಿಯುವುದು ನಮ್ಮಲ್ಲಿ ಸೇವೆಯೇ ಆಗಿದೆ. ಹಿಡಿದಾಗ ಒಮ್ಮೆ ತಿರುಗಿಸಿ ನೋಡಿ.

ಅಲ್ಲಾಹನು ರೋಗಿಗಳೆಲ್ಲರಿಗೂ ಶಿಫಾ ನೀಡಲಿ, ಅವರನ್ನು ನೋಡಿಕೊಳ್ಳುವ ಕೈಗಳಿಗೆ ಬಲ ನೀಡಲಿ. ಆಮೀನ್.